ಲಿಯೋವಿಲ್ ಬಾರ್ಟನ್ 2005 ಮತ್ತು 2016: ಅಡಿಕೆ ಬೇಯುವ ಕಾಲದಲ್ಲಿ ಎರಡು ಬಾಟಲಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಶಾತೋ ಲಿಯೋವಿಲ್ ಬಾರ್ಟನ್ ಎಂಬ ಫ್ರಾನ್ಸಿನ ಕೆಂಪು ವೈನಿನ 2016ರ, ಎಂದರೆ ಆ ವರ್ಷ ಕೊಯ್ದ ದ್ರಾಕ್ಷಿಯ, ಬಾಟಲಿ ನಿಮ್ಮಲ್ಲಿದ್ದರೆ ಈಗಲೇ ತೆರೆಯಬೇಡಿ. 2005ರ ಬಾಟಲಿ ಸಿಕ್ಕಿದರೆ, ಅದನ್ನು ಇಷ್ಟು ವರ್ಷ ತಂಪಿನಲ್ಲಿ ಇಟ್ಟಿದ್ದರು ಎಂಬುದು ಖಾತ್ರಿಯಾದರೆ, ಬಿಡಬೇಡಿ. ಎರಡನ್ನೂ ಒಂದೇ ರಾತ್ರಿ ಅಕ್ಕಪಕ್ಕ ಇಟ್ಟು ಕುಡಿಯುವ ಅವಕಾಶ ನನಗೆ ಸಿಕ್ಕಿತು. ಬೋರ್ಡೋ ನಗರದಲ್ಲಿ ಕೆಲಸದಲ್ಲಿರುವ ಮಗಳು ಡಿಸೆಂಬರಿನಲ್ಲಿ ಊರಿಗೆ ಬರುವಾಗ ತಂದಿದ್ದಳು. ಹೊರದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್; 750 ಮಿಲಿಯ ಎರಡು ಬಾಟಲಿ ಆ ಲೆಕ್ಕದೊಳಗೆ ಬರುತ್ತವೆ. ಬೆಲೆ ಕೇಳಿದರೆ ಒಂದೊಂದೂ ನೂರು ಯೂರೋ ಆಸುಪಾಸು ಎಂದಳು. ಅದನ್ನು ರೂಪಾಯಿಗೆ ತಿರುಗಿಸಿ ನೋಡುವ ಕೆಲಸವನ್ನು ನಮ್ಮ ಯಜಮಾನರು ಮಾಡಿ, ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈಗ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಆಚೆ, ಅಡಿಕೆ ತೋಟ ನೋಡಿಕೊಂಡಿದ್ದೇನೆ. ವೈನ್ ಪಂಡಿತಳಲ್ಲ. ಮಗಳ ಮನೆಗೆ ಹೋದಾಗ ಅಲ್ಲಿಯ ತೋಟಗಳನ್ನು ಸುತ್ತಿದ್ದೇನೆ, ಕೊಟ್ಟದ್ದನ್ನು ಕುಡಿದಿದ್ದೇನೆ, ಪ್ರಶ್ನೆ ಕೇಳಿ ಅವರ ತಲೆ ತಿಂದಿದ್ದೇನೆ. ಆದರೆ ಒಗರು ಎಂಬುದರ ವಿಷಯದಲ್ಲಿ ನನ್ನ ನಾಲಿಗೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿ ಅಡಿಕೆ ಬೇಯಿಸುವ ಮನೆಗೆ ಬಂದವಳು. ಈ ವೈನಿನ ಕಥೆಯೆಲ್ಲ ಒಗರಿನ ಕಥೆ.

ನಮ್ಮ ಕಡೆ ವೈನ್ ಎಂದರೆ ಸಿಹಿಯಾಗಿರುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಅದರಲ್ಲಿ ಜನರ ತಪ್ಪೇನಿಲ್ಲ. ವೈನ್ಸ್ ಎಂಬ ಫಲಕ ಹಾಕಿದ ಅಂಗಡಿಗಳಲ್ಲಿ ವೈನ್ ಒಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ. ಸಿಕ್ಕರೂ ಅದರ ಅವಸ್ಥೆ ನೋಡಬೇಕು. ಒಂದು ಅಂಗಡಿಯಲ್ಲಿ ಕೆಂಪು ವೈನಿನ ಬಾಟಲಿಗಳನ್ನು ಗಾಜಿನ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದ್ದರು. ಮಧ್ಯಾಹ್ನದ ಬಿಸಿಲು ನೇರ ಅವುಗಳ ಮೇಲೆ. ಮುಟ್ಟಿದರೆ ಗಾಜು ಬೆಚ್ಚಗಿತ್ತು. ಒಂದನ್ನು ಕೊಂಡು ತಂದು ತೆರೆದರೆ ಹಣ್ಣಿನ ಪರಿಮಳದ ಜಾಗದಲ್ಲಿ ಹಳೆಯ ಜಾಮಿನ ವಾಸನೆ ಇತ್ತು. ಹೇಳಿದ್ದಕ್ಕೆ ಅಂಗಡಿಯವರು, ವೈನ್ ಹಳೆಯದಾದಷ್ಟೂ ಒಳ್ಳೆಯದಲ್ಲವೇ ಮೇಡಂ ಎಂದು ನನಗೇ ಬುದ್ಧಿ ಹೇಳಿದರು. ಹಾಗೇನೂ ಇಲ್ಲ. ಜಗತ್ತಿನಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕಾದದ್ದು. ಇಪ್ಪತ್ತು ಮೂವತ್ತು ವರ್ಷ ಇಡಬಹುದಾದವು ಬಹಳ ಕಡಿಮೆ. ಆ ಕಡಿಮೆಯಲ್ಲಿ ಲಿಯೋವಿಲ್ ಬಾರ್ಟನ್ ಒಂದು.

ಇದು ಬರುವ ಊರು ಸಾಂ ಜೂಲಿಯೆನ್. ಬೋರ್ಡೋ ನಗರದಿಂದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿ, ಮೆಡೋಕ್ ಎಂಬ ಸೀಮೆಯಲ್ಲಿದೆ. ಮಲೆನಾಡಿನ ಓದುಗರು ಇಲ್ಲಿ ಸ್ವಲ್ಪ ಕಿವಿ ನಿಮಿರಿಸಬೇಕು, ಏಕೆಂದರೆ ಈ ಊರಿನ ಋಣ ನಮ್ಮ ಮೇಲಿದೆ. ಪ್ರತಿ ಮಳೆಗಾಲವೂ ಮೈಲುತುತ್ತ ಮತ್ತು ಸುಣ್ಣ ಕಲಸಿ, ಅಡಿಕೆ ಗೊನೆಗೆ ಬೋರ್ಡೋ ಹೊಡೆಸುತ್ತೇವಲ್ಲ, ಆ ದ್ರಾವಣ ಹುಟ್ಟಿದ್ದು ಇದೇ ದ್ರಾಕ್ಷಿ ತೋಟಗಳಲ್ಲಿ. ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮಿಲಾರ್ಡೆ 1882ರಲ್ಲಿ ಸಾಂ ಜೂಲಿಯೆನ್ ಕಡೆ ನಡೆದು ಹೋಗುವಾಗ, ಉಳಿದ ಬಳ್ಳಿಗಳ ಎಲೆಯೆಲ್ಲ ರೋಗದಿಂದ ಉದುರಿದ್ದರೂ ದಾರಿಯ ಪಕ್ಕದ ಸಾಲುಗಳು ಹಸಿರಾಗಿರುವುದನ್ನು ಕಂಡರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ ಎಂದು ತೋಟದವರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರು ಎರಚಿದ್ದರಂತೆ. ಕಳ್ಳರನ್ನು ಹೆದರಿಸಲು ಮಾಡಿದ್ದು ಬೂಷ್ಟು ರೋಗವನ್ನು ಓಡಿಸಿತ್ತು. ಪ್ರಯೋಗ ಮಾಡಿ ಅವರು ಅದನ್ನು 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ನಮ್ಮ ಅಡಿಕೆಯ ಕೊಳೆರೋಗಕ್ಕೆ ಹಚ್ಚಿ ನೋಡಿ 1910ರಲ್ಲಿ ವರದಿ ಬರೆದರು. ಅದಕ್ಕೂ ಮೊದಲು ಗೊನೆಗೊನೆಗೂ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೇ ಗತಿಯಾಗಿತ್ತು. ಭಾವನವರಿಗೆ, ಎಂದರೆ ಯಜಮಾನರ ಅಣ್ಣನಿಗೆ, ಮದ್ಯದ ವಿಷಯದಲ್ಲಿ ಮೊದಲಿನಿಂದಲೂ ಅಸಡ್ಡೆ. ಮಗಳು ಈ ಕಥೆ ಹೇಳಿದ ಮೇಲೆ ಅವರೇ ಲೋಟ ಮುಂದೆ ಚಾಚಿದರು.

ತೋಟದ ಚರಿತ್ರೆ ಚುಟುಕಾಗಿ ಹೇಳುತ್ತೇನೆ. ಲಿಯೋವಿಲ್ ಎಂಬುದು ಒಂದು ಕಾಲಕ್ಕೆ ಒಂದೇ ದೊಡ್ಡ ಜಮೀನು. ಫ್ರೆಂಚ್ ಕ್ರಾಂತಿಯ ನಂತರ ಹಿಸ್ಸೆಯಾಗುತ್ತ ಹೋಗಿ ಲಾಸ್ ಕಾಸ್, ಪೊಯ್‌ಫೆರೆ, ಬಾರ್ಟನ್ ಎಂದು ಮೂರು ಪಾಲಾಯಿತು. ಹಿಸ್ಸೆಯ ಜಗಳ ನಮ್ಮಲ್ಲಿ ಮಾತ್ರ ಎಂದುಕೊಳ್ಳುವವರಿಗೆ ಇದು ಸಮಾಧಾನ ಕೊಡಲಿ. ಬಾರ್ಟನ್ ಐರ್ಲೆಂಡಿನ ಮನೆತನ. ಹ್ಯೂ ಬಾರ್ಟನ್ ಎಂಬವನು 1821ರಲ್ಲಿ ಪಕ್ಕದ ಲಾಂಗೋವ ತೋಟವನ್ನೂ 1826ರಲ್ಲಿ ಲಿಯೋವಿಲ್‌ನ ಒಂದು ಪಾಲನ್ನೂ ಕೊಂಡ. ಅಂದಿನಿಂದ ಇಂದಿನವರೆಗೂ ಅದೇ ಕುಟುಂಬದ ಕೈಯಲ್ಲಿದೆ. ಲಿಯೋವಿಲ್ ಬಾರ್ಟನ್ನಿಗೆ ಸ್ವಂತ ಬಂಗಲೆಯೂ ಇಲ್ಲ. ವೈನ್ ತಯಾರಾಗುವುದು ಲಾಂಗೋವದ ಕಟ್ಟಡದಲ್ಲಿ. 1855ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು, ಯಾವ ತೋಟದ ವೈನಿಗೆ ಪೇಟೆಯಲ್ಲಿ ಎಷ್ಟು ಧಾರಣೆ ಸಿಗುತ್ತದೆ ಎಂಬುದನ್ನು ನೋಡಿ, ಮೆಡೋಕಿನ ಕೆಂಪು ವೈನುಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿದರು. ಇದು ಎರಡನೆಯ ದರ್ಜೆ ಪಡೆಯಿತು. ಆ ಪಟ್ಟಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. 1973ರಲ್ಲಿ ಮೂತೋ ರೋಥ್‌ಶೀಲ್ಡ್ ಎಂಬ ತೋಟವನ್ನು ಎರಡರಿಂದ ಒಂದನೆಯ ದರ್ಜೆಗೆ ಏರಿಸಿದ್ದೇ ದೊಡ್ಡ ಬದಲಾವಣೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆ ಮಾಡಿ ವರ್ಷವರ್ಷವೂ ಮಾಲನ್ನು ಕೈಯಲ್ಲಿ ಹಿಡಿದು ನೋಡಿಯೇ ದರ ಕಟ್ಟುತ್ತಾರೆ; ಅಲ್ಲಿ 1855ರ ದರದ ಮೇಲೆ ಇನ್ನೂ ಬದುಕುತ್ತಿದ್ದಾರೆ. ನನಗೆ ಮಂಡಿಯ ಪದ್ಧತಿಯೇ ನ್ಯಾಯವೆನಿಸುತ್ತದೆ.

ತೆರೆಯುವ ದಿನ ಒಂದು ತೊಂದರೆಯಾಯಿತು. ಅಂಗಳದಲ್ಲಿ ಅಡಿಕೆ ಬೇಯುತ್ತಿತ್ತು. ಹಂಡೆಯ ಹಬೆ ಮನೆಯೆಲ್ಲ ಹರಡಿದಾಗ ಯಾವ ವೈನಿನ ಪರಿಮಳವೂ ಮೂಗಿಗೆ ಹತ್ತುವುದಿಲ್ಲ. ಒಲೆ ಆರುವವರೆಗೂ ಕಾದು, ಗಾಳಿ ತೋಟದ ಕಡೆ ತಿರುಗಿದ ಮೇಲೆ ಹಿಂದಿನ ಜಗಲಿಯಲ್ಲಿ ಕುಳಿತೆವು. ಡಿಸೆಂಬರಿನ ರಾತ್ರಿ ನಮ್ಮ ಜಗಲಿಯ ಚಳಿ ಈ ವೈನಿಗೆ ಹೇಳಿ ಮಾಡಿಸಿದ್ದು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎನ್ನುವ ಮಾತನ್ನು ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಿ ಪಾಲಿಸಬೇಡಿ. ಅವರು ಹೇಳುವುದು ಯುರೋಪಿನ ಹಳೆಯ ಕಲ್ಲುಮನೆಗಳ ಕೋಣೆಯನ್ನು. 16ರಿಂದ 18 ಡಿಗ್ರಿ ಇದ್ದರೆ ಸಾಕು. ಹೆಚ್ಚು ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹೆಚ್ಚು ತಣ್ಣಗಾದರೆ ಒಗರು ಮಾತ್ರ ಉಳಿಯುತ್ತದೆ.

ಮೊದಲು 2016. ಬಣ್ಣ ಕಡುನೇರಳೆ, ಲೋಟದ ಆಚೆಗಿನ ಬೆರಳು ಕಾಣುವುದಿಲ್ಲ. ಮೂಗಿಗೆ ಬಂದದ್ದು ಕಪ್ಪು ಹಣ್ಣಿನ ಘಮ. ಅವರು ಕ್ಯಾಸಿಸ್ ಎನ್ನುವ ಹಣ್ಣು ನಮ್ಮಲ್ಲಿಲ್ಲ. ನೇರಳೆ ಮತ್ತು ಮಾಗಿದ ಕವಳಿ ಹಣ್ಣಿನ ನಡುವೆ ಎಲ್ಲೋ ಇದೆ. ಅದರ ಹಿಂದೆ ಹೊಸ ಓಕ್ ಪೀಪಾಯಿಯ ವೆನಿಲ್ಲಾ, ತುಸು ಹೊಗೆ. ಆಗಷ್ಟೇ ಚೂಪು ಮಾಡಿದ ಪೆನ್ಸಿಲಿನ ವಾಸನೆಯೂ ಇತ್ತು. ಮೆಡೋಕಿನ ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿಯ ಗುರುತೇ ಅದು ಎಂದು ಮಗಳು ಹೇಳಿದಳು. ಇಲ್ಲಿಯವರೆಗೆ ಎಲ್ಲವೂ ಚೆನ್ನ. ಬಾಯಿಗೆ ಹಾಕಿದ ಮೇಲೆ ಒಗರು ಒಸಡಿನಿಂದ ಹಿಡಿದು ಕೆನ್ನೆಯ ಒಳಗಿನವರೆಗೂ ಹಿಡಿದುಕೊಂಡಿತು. ಮೊದಲ ಒಬ್ಬೆಯ (ಒಂದು ಸಲಕ್ಕೆ ಬೇಯಿಸುವ ಅಡಿಕೆಯ) ಚೊಗರಿನ, ಎಂದರೆ ಅಡಿಕೆ ಬೆಂದ ನೀರಿನ, ಹದ ನೋಡಲು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದಾಗ ಆಗುವುದೇ ಇಲ್ಲಿಯೂ ಆಯಿತು. ಭಾವನವರು ಗುಟುಕು ನುಂಗಿ, "ಹದಕ್ಕೆ ಬರುವ ಮೊದಲೇ ಇಳಿಸಿಬಿಟ್ಟಿದ್ದಾರಲ್ಲ ಮಾರಾಯ್ತಿ" ಎಂದರು.

"ಇಲ್ಲ ದೊಡ್ಡಪ್ಪ, ಮಾಡಿದವರು ಇದನ್ನು ಹದಕ್ಕೆ ತರುವುದಿಲ್ಲ. ಕೊಂಡವರು ತರಬೇಕು" ಎಂದಳು ಮಗಳು.

"ಮತ್ತೆ ಅಷ್ಟು ದುಡ್ಡು ಯಾಕೆ ತೆಗೆದುಕೊಳ್ಳುತ್ತಾರೆ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಆ ಒಗರಿನ ಗುಣದಲ್ಲಿದೆ. ಎಳೆ ಅಡಿಕೆಯ ಒಗರೂ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಒಗರೂ ರಸಾಯನದಲ್ಲಿ ಒಂದೇ ಕುಲದವು. ಕ್ಯಾಟೆಚಿನ್ ಎಂಬ ಸಣ್ಣ ಘಟಕಗಳು ಸರಪಣಿಯಾಗಿ ಸೇರಿದ ಟ್ಯಾನಿನ್‌ಗಳು ಅವು. ಬಾಯಿಗೆ ಬಂದಾಗ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಟ್ಟಿ ಮಾಡುತ್ತವೆ. ಜಾರುವ ಗುಣ ಹೋಗಿ ಬಾಯಿ ಒಣಗಿದಂತಾಗುತ್ತದೆ. ಅಡಿಕೆ ಎಳೆಯದಾದಷ್ಟೂ ಒಗರು ಹೆಚ್ಚು. ದ್ರಾಕ್ಷಿಯಲ್ಲಿಯೂ ಬೀಜ ಹಸಿರಾಗಿರುವಾಗ ಕೊಯ್ದರೆ ಒರಟು ಒಗರು, ಜೊತೆಗೆ ಕಹಿ. ಆದ್ದರಿಂದ ಒಗರು ಎಷ್ಟಿದೆ ಎನ್ನುವುದಕ್ಕಿಂತ ಎಂಥದ್ದಿದೆ ಎನ್ನುವುದನ್ನು ನೋಡಬೇಕು. 2016ರ ಈ ಬಾಟಲಿಯಲ್ಲಿ ಒಗರು ಬೇಕಾದಷ್ಟಿದೆ, ಆದರೆ ಕಹಿಯಿಲ್ಲ, ಕೆರೆತವಿಲ್ಲ. ನುಣ್ಣಗೆ ಅರೆದಂತಿದೆ. ಆ ವರ್ಷ ಬೋರ್ಡೋದಲ್ಲಿ ವಸಂತ ಒದ್ದೆಯಾಗಿದ್ದು, ಬೇಸಿಗೆ ಒಣಗಿದ್ದು, ಕೊನೆಗೆ ಹಗಲು ಬಿಸಿಲೂ ರಾತ್ರಿ ತಂಪೂ ಇದ್ದು ಹಣ್ಣು ನಿಧಾನಕ್ಕೆ ಮಾಗಿತು. ಹುಳಿಯೂ ಉಳಿದಿದೆ. ಒಗರು, ಹುಳಿ, ಹಣ್ಣು ಮೂರೂ ಗಟ್ಟಿಯಾಗಿದ್ದರೆ ಮಾತ್ರ ದಶಕಗಟ್ಟಲೆ ಇಡಲು ಧೈರ್ಯ ಬರುತ್ತದೆ. ಒಗರು ಮಾತ್ರ ಇದ್ದು ಹಣ್ಣಿಲ್ಲದಿದ್ದರೆ ವರ್ಷಗಳ ನಂತರ ಉಳಿಯುವುದು ಒಣ ಕಡ್ಡಿ.

ಬಾಟಲಿಯೊಳಗೆ ಏನಾಗುತ್ತದೆ ಎಂಬುದನ್ನು ನಾನು ಪಾಠ ಮಾಡುತ್ತಿದ್ದಾಗ ಸರಳವಾಗಿ ಹೇಳುತ್ತಿದ್ದರು: ಟ್ಯಾನಿನ್ ಸರಪಣಿಗಳು ಒಂದಕ್ಕೊಂದು ಸೇರಿ ಉದ್ದವಾಗುತ್ತವೆ, ಭಾರವಾಗಿ ತಳಕ್ಕೆ ಇಳಿಯುತ್ತವೆ, ಒಗರು ಕಡಿಮೆಯಾಗುತ್ತದೆ. ಈಗಿನ ತಿಳಿವಳಿಕೆ ಅದಕ್ಕಿಂತ ಗೋಜಲು. ಸರಪಣಿಗಳು ಸೇರುವುದೂ ಉಂಟು, ವೈನಿನ ಆಮ್ಲಕ್ಕೆ ತುಂಡಾಗುವುದೂ ಉಂಟು. ಸಿಪ್ಪೆಯಿಂದ ಬಂದ ಆಂಥೋಸಯಾನಿನ್ ಎಂಬ ಬಣ್ಣದ ಅಣುಗಳು ಟ್ಯಾನಿನ್ ಜೊತೆ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಅವು ಮೊದಲಿನಷ್ಟು ಬಾಯಿ ಹಿಡಿಯುವುದಿಲ್ಲ, ಬಣ್ಣವನ್ನು ನೇರಳೆಯಿಂದ ಇಟ್ಟಿಗೆ ಕೆಂಪಿನ ಕಡೆಗೆ ತಿರುಗಿಸುತ್ತವೆ. ಬಿರಡೆಯ ಮೂಲಕ ಅತಿ ಸ್ವಲ್ಪ ಆಮ್ಲಜನಕ ಒಳಗೆ ಹೋಗುತ್ತಿರುತ್ತದೆ. ಚೊಗರನ್ನು ಕುದಿಸಿ ಇಂಗಿಸಿ ನಾವು ಬೇಗ ಮಾಡಿಕೊಳ್ಳುವ ಕೆಲಸವನ್ನು ಅವರು ಬೆಂಕಿಯಿಲ್ಲದೆ, ಕತ್ತಲಲ್ಲಿ, 12ರಿಂದ 14 ಡಿಗ್ರಿ ತಂಪಿನಲ್ಲಿ ಮಾಡಿಸುತ್ತಾರೆ. ಬೆಂಕಿ ಹಚ್ಚಿದರೆ ಹಣ್ಣು ಉಳಿಯುವುದಿಲ್ಲ.

ಬಾಟಲಿಗೆ ತುಂಬುವ ಮೊದಲೇ ಒಗರನ್ನು ತಿದ್ದುವ ಹಳೆಯ ಉಪಾಯವೂ ಬೋರ್ಡೋದಲ್ಲಿದೆ. 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಯನ್ನು ಕಲಸಿ ಹಾಕುತ್ತಾರೆ. ಒರಟು ಟ್ಯಾನಿನ್ ಮೊಟ್ಟೆಯ ಪ್ರೋಟೀನನ್ನು ಹಿಡಿದುಕೊಂಡು ತಳ ಸೇರುತ್ತದೆ, ಮೇಲಿನ ತಿಳಿ ವೈನನ್ನು ಬೇರೆ ಮಾಡುತ್ತಾರೆ. ಮೊಟ್ಟೆ ಮುಟ್ಟದ ನೆರೆಮನೆಯವರೊಬ್ಬರು ಕುತೂಹಲಕ್ಕೆ ಒಂದು ಗುಟುಕು ಕೇಳಲು ಬಂದಿದ್ದರು. ಈ ವಿಷಯ ಹೇಳಿದ್ದೇ ಕಾಫಿ ಕೊಡಿ ಎಂದರು.

ಇನ್ನು 2005. ಇದರ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಿಲ್ಲ.

ಹಿಂದಿನ ದಿನವೇ ಬಾಟಲಿಯನ್ನು ನಿಲ್ಲಿಸಿಟ್ಟಿದ್ದೆವು, ಗಷ್ಟು ತಳಕ್ಕೆ ಇಳಿಯಲಿ ಎಂದು. ಬಿರಡೆ ಅರ್ಧಕ್ಕೆ ಮುರಿಯಿತು. ಇಷ್ಟು ಹಳೆಯ ಬಿರಡೆಯಲ್ಲಿ ಅದು ಸಾಮಾನ್ಯ. ಉಳಿದರ್ಧವನ್ನು ಮಗಳು ನಿಧಾನಕ್ಕೆ ತೆಗೆದಳು. ಟಾರ್ಚಿನ ಬೆಳಕನ್ನು ಬಾಟಲಿಯ ಕತ್ತಿನ ಹಿಂದೆ ಹಿಡಿದು ಗಾಜಿನ ಹೂಜಿಗೆ ಬಗ್ಗಿಸಿದೆವು, ಕಪ್ಪು ಗಷ್ಟು ಕತ್ತಿನ ಹತ್ತಿರ ಬಂದ ಕೂಡಲೇ ನಿಲ್ಲಿಸಿದೆವು. ನಾನು ಆ ಗಷ್ಟನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಕಲೆ ಮರುದಿನ ಸಂಜೆಯವರೆಗೂ ಹೋಗಲಿಲ್ಲ. ಅಡಿಕೆಯ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆಂದು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ಬಣ್ಣ ದಾಳಿಂಬೆ ಕಾಳಿನದ್ದು, ಅಂಚಿನಲ್ಲಿ ಇಟ್ಟಿಗೆ ಕೆಂಪು. ಮೊದಲ ಹತ್ತು ನಿಮಿಷ ಮೂಗಿಗೆ ಏನೂ ಸಿಗಲಿಲ್ಲ, ಮುಚ್ಚಿದ ಪೆಟ್ಟಿಗೆಯ ವಾಸನೆಯೊಂದನ್ನು ಬಿಟ್ಟು. ಯಜಮಾನರ ಮುಖದಲ್ಲಿ ಮತ್ತೆ ರೂಪಾಯಿ ಲೆಕ್ಕ ಕಾಣಿಸಿತು. ಆಮೇಲೆ ಒಂದೊಂದೇ ಹೊರಗೆ ಬಂದವು. ದೇವದಾರು. ಒಣಗಿದ ಹೊಗೆಸೊಪ್ಪು. ಹಳೆಯ ಚರ್ಮ. ಮೊದಲ ಮಳೆ ಬಿದ್ದ ಮೇಲೆ ಕಾಡಿನ ದರಗನ್ನು (ಉದುರಿದ ಒಣ ಎಲೆಯನ್ನು) ಕೆದಕಿದಾಗ ಬರುವ ವಾಸನೆ, ಅದರೊಳಗೆ ಅಣಬೆ. ಹಣ್ಣು ಎಲ್ಲಿಯೂ ಕಾಣೆಯಾಗಿಲ್ಲ, ಆದರೆ ಅದು ಈಗ ತಾಜಾ ಹಣ್ಣಲ್ಲ, ಬಿಸಿಲಲ್ಲಿ ಸುಕ್ಕಾದದ್ದು. ಪೆನ್ಸಿಲಿನ ಗುರುತು ಇಲ್ಲಿಯೂ ಇತ್ತು. ಎರಡೂ ಬಾಟಲಿ ಒಂದೇ ಮನೆಯವು ಎಂಬುದಕ್ಕೆ ಸಾಕ್ಷಿ. ವೆನಿಲ್ಲಾ ಪೂರ್ತಿ ಅಡಗಿಹೋಗಿತ್ತು. ಪೀಪಾಯಿ ಕೊಟ್ಟದ್ದನ್ನು ವೈನ್ ನುಂಗಿ ಅರಗಿಸಿಕೊಂಡಿದೆ.

ಬಾಯಲ್ಲಿ ಒಗರು ಇನ್ನೂ ಇದೆ, ನೆನಪಿಡಿ. 2005 ಬೋರ್ಡೋದಲ್ಲಿ ಮಳೆ ತೀರಾ ಕಡಿಮೆಯಾದ ವರ್ಷ. ಕಾಳು ಸಣ್ಣದು, ಸಿಪ್ಪೆ ದಪ್ಪ, ಹಾಗಾಗಿ ಟ್ಯಾನಿನ್ ಜಾಸ್ತಿ. ಈ ತೋಟದ 2005 ಬಹಳ ವರ್ಷ ಬಿಗುಮಾನ ಬಿಡಲಿಲ್ಲ, ಹತ್ತು ವರ್ಷಕ್ಕೆ ತೆರೆದವರೆಲ್ಲ ಬೈದುಕೊಂಡರು ಎಂದು ಮಗಳಿಗೆ ಅಲ್ಲಿಯ ಸ್ನೇಹಿತರು ಹೇಳಿದ್ದರಂತೆ. ಈಗ ಇಪ್ಪತ್ತರ ಆಸುಪಾಸಿನಲ್ಲಿ ಆ ಒಗರು ಬಾಯಿಯನ್ನು ಹಿಡಿಯುತ್ತದೆ, ಆದರೆ ಬೇಗ ಬಿಡುತ್ತದೆ. ಬಿಟ್ಟ ಮೇಲೆ ಉಳಿಯುವ ರುಚಿ ಬಹಳ ಹೊತ್ತು ಇರುತ್ತದೆ. ಗುಟುಕು ನುಂಗಿ ಎದ್ದು ಹೋಗಿ, ದನದ ಕೊಟ್ಟಿಗೆಯ ದೀಪ ಆರಿಸಿ ಬಂದೆ. ಬಂದಾಗಲೂ ನಾಲಿಗೆಯ ಹಿಂದೆ ದೇವದಾರು ಇತ್ತು. ದೂರು ಹೇಳಲೇಬೇಕೆಂದರೆ, ಇದು ಒಲಿಸಿಕೊಳ್ಳುವ ವೈನ್ ಅಲ್ಲ. ನಗುವುದು ಕಡಿಮೆ. ಮೊದಲ ಗುಟುಕಿಗೇ ಮನಸೋಲಬೇಕು ಎನ್ನುವವರಿಗೆ ನೂರು ಯೂರೋದಲ್ಲಿ ಬೇರೆ ಎಷ್ಟೋ ಇವೆ. ನಡುವೆ ಸ್ವಲ್ಪ ತೆಳುವಾಗುವ ಒಂದು ಕ್ಷಣವೂ ಇದೆ. ಪಕ್ಕದಲ್ಲಿ ದಷ್ಟಪುಷ್ಟ 2016 ಇಟ್ಟುಕೊಂಡಿದ್ದರಿಂದ ಹಾಗೆ ಕಂಡಿತೋ ಏನೋ.

ಭಾವನವರು ಎರಡನ್ನೂ ಮತ್ತೆ ಮತ್ತೆ ಮೂಸಿ ನೋಡಿ, ಹಳೆಯದನ್ನೇ ಹಾಕು ಎಂದರು. ಅವರ ವಿಮರ್ಶೆ ಅಷ್ಟೇ.

ಊಟದ ವಿಷಯ. ನಮ್ಮ ಮನೆಯ ಹಂದಿ ಮಾಂಸದ ಸಾರು ಉಪ್ಪಾಗೆ ಎಂಬ ಕಾಡುಹಣ್ಣಿನ ಹುಳಿ, ಹಸಿಮೆಣಸು, ಖಾರದ ಪುಡಿ ಸೇರಿ ಉರಿಯುವಂಥದ್ದು. ಅದರ ಜೊತೆ ಈ ವೈನ್ ಕುಡಿಯುವುದು ಎರಡಕ್ಕೂ ಅವಮಾನ. ಖಾರ ಬಿದ್ದ ನಾಲಿಗೆಗೆ ಆಲ್ಕೋಹಾಲ್ ಸುಡುತ್ತದೆ, ಒಗರು ಇಮ್ಮಡಿಯಾಗುತ್ತದೆ. ಮೆಡೋಕಿನವರು ಕುರಿಮರಿಯ ಮಾಂಸವನ್ನು ಸುಟ್ಟು ತಿನ್ನುತ್ತಾರೆ. ನಾವು ಆಡಿನ ತೊಡೆಗೆ ಉಪ್ಪು, ಬೆಳ್ಳುಳ್ಳಿ, ತೋಟದ ಕಾಳುಮೆಣಸು ಮಾತ್ರ ಹಚ್ಚಿ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿದೆವು. ಮಾಂಸದ ಪ್ರೋಟೀನು ಮತ್ತು ಕೊಬ್ಬು ಟ್ಯಾನಿನ್‌ಗೆ ಸಿಕ್ಕಿದರೆ ಅದು ನಿಮ್ಮ ಒಸಡನ್ನು ಬಿಟ್ಟುಬಿಡುತ್ತದೆ, 2016 ಕೂಡ ಮೆತ್ತಗಾಯಿತು. ಜೊತೆಗೆ ಅಕ್ಕಿ ರೊಟ್ಟಿ. ಮಾಂಸ ತಿನ್ನದವರು ಅಣಬೆಯನ್ನು ಬೆಣ್ಣೆಯಲ್ಲಿ ಬಾಡಿಸಿ ನೋಡಬಹುದು; 2005ಕ್ಕೆ ಅದು ಬಹಳ ಹೊಂದುತ್ತದೆ. ಕಳಲೆ ಬೇಡ.

ಈಗ ಎಲ್ಲರೂ ಕೇಳುವ ಪ್ರಶ್ನೆ: 2016 ಕೊಂಡು ನಮ್ಮ ಮನೆಯಲ್ಲೇ ಇಟ್ಟು ಹಳೆಯದು ಮಾಡಬಹುದೇ? ಮಲೆನಾಡು ತಂಪು ಪ್ರದೇಶ ಎಂಬ ಭ್ರಮೆಯಲ್ಲಿ ಹಾಗೆ ಮಾಡಬೇಡಿ. ಬಾಟಲಿಗೆ ಬೇಕಾದದ್ದು ತಂಪು ಮಾತ್ರವಲ್ಲ, ವರ್ಷವಿಡೀ ಒಂದೇ ತೆರನಾದ ತಂಪು. ನಮ್ಮಲ್ಲಿ ಡಿಸೆಂಬರಿನ ರಾತ್ರಿಗೂ ಏಪ್ರಿಲ್ಲಿನ ಮಧ್ಯಾಹ್ನಕ್ಕೂ ಇಪ್ಪತ್ತು ಡಿಗ್ರಿಯ ಅಂತರ. ಉಷ್ಣಾಂಶ ಏರಿದಾಗ ವೈನ್ ಹಿಗ್ಗಿ ಬಿರಡೆಯನ್ನು ನೂಕುತ್ತದೆ, ಇಳಿದಾಗ ಕುಗ್ಗಿ ಗಾಳಿ ಎಳೆದುಕೊಳ್ಳುತ್ತದೆ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಹಳೆಯ ಲೆಕ್ಕ. ಆದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ, ಹಾಗಾಗಿ ಬಿಸಿಯಲ್ಲಿ ಇಟ್ಟರೆ ಬೇಗ ಹಳೆಯ 2005 ಸಿಗುವುದಿಲ್ಲ, ಬೇರೆಯೇ ಏನೋ ಸಿಗುತ್ತದೆ. ಅಟ್ಟದ ಮೇಲಂತೂ ಇಡಲೇಬೇಡಿ, ಹಂಚಿನ ಕೆಳಗೆ ಬೇಸಿಗೆಯಲ್ಲಿ ಒಲೆಯಂತಿರುತ್ತದೆ.

ತೇವದ ವಿಷಯದಲ್ಲಿ ಮಾತ್ರ ನಾವು ಬಡವರಲ್ಲ. ಗಾಳಿಯಲ್ಲಿ ಶೇಕಡಾ 70ರಷ್ಟು ತೇವ ಇದ್ದರೆ ಬಿರಡೆ ಒಣಗುವುದಿಲ್ಲ ಎನ್ನುತ್ತಾರೆ. ಬೋರ್ಡೋಗೆ ವರ್ಷಕ್ಕೆ ಬೀಳುವ ಮಳೆ 900 ಮಿಲಿಮೀಟರಿನ ಆಸುಪಾಸು. ಆಗುಂಬೆಯ ಸರಾಸರಿ 7,000 ದಾಟುತ್ತದೆ. ಇಲ್ಲಿ ಬಿರಡೆಗೇನೂ ಆಗುವುದಿಲ್ಲ, ಚೀಟಿ ಬೂಷ್ಟು ಹಿಡಿದು ಆಗಸ್ಟಿನೊಳಗೆ ಕಳಚಿ ಬೀಳುತ್ತದೆ, ಒಳಗಿರುವುದು ಏನೆಂದು ದೇವರಿಗೇ ಗೊತ್ತಾಗಬೇಕು. ವೈನಿಗೆಂದೇ ಮಾಡಿದ ಫ್ರಿಜ್ ಇಡಬಹುದು ಎನ್ನುವವರು ನಮ್ಮ ಊರಿನ ಮಳೆಗಾಲದ ವಿದ್ಯುತ್ತನ್ನು ನೋಡಿಲ್ಲ. ಮರ ಬಿದ್ದು ಲೈನ್ ಹೋದರೆ ಬರುವುದು ಲೈನ್‌ಮನ್ನಿನ ದಯೆ. ಆದ್ದರಿಂದ ನನ್ನ ಸಲಹೆ: ಹಳೆಯದು ಮಾಡುವ ಕೆಲಸವನ್ನು ಅಲ್ಲಿಯ ನೆಲಮಾಳಿಗೆಗಳಿಗೇ ಬಿಡಿ. ಯಾರಾದರೂ ತರುವವರಿದ್ದರೆ ಇಪ್ಪತ್ತು ವರ್ಷ ಕಳೆದದ್ದನ್ನೇ ತರಿಸಿ, ಬಂದ ಮೇಲೆ ಕೆಲವು ದಿನ ಅಲುಗಾಡದಂತೆ ಕತ್ತಲಲ್ಲಿಟ್ಟು ಕುಡಿದುಬಿಡಿ. ಇಡಲೇಬೇಕೆಂದಿದ್ದರೆ ಮಲಗಿಸಿ ಇಡಿ, ಬಿರಡೆ ಒದ್ದೆಯಾಗಿರಲಿ.

ನಮ್ಮ ನಂದಿ ಬೆಟ್ಟದ ಕ್ಯಾಬರ್ನೆಗಳನ್ನು ಇದಕ್ಕೆ ಹೋಲಿಸಬೇಡಿ, ಅವು ಕೀಳು ಎಂದಲ್ಲ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗಾಲದ ನಿದ್ದೆಗೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಸವರಿ, ಬೇಸಿಗೆಗೆ ಮುನ್ನ ಕೊಯ್ಯುತ್ತಾರೆ. ಆ ವೈನುಗಳನ್ನು ಬೇಗ ಕುಡಿಯಬೇಕು, ಬೇಗ ಕುಡಿದರೆ ಸಂತೋಷ ಕೊಡುತ್ತವೆ, ಬೆಲೆಯೂ ನಮ್ಮ ಕೈಗೆಟುಕುತ್ತದೆ. ತಿಂಗಳಿಗೊಂದು ಸಲ ಕುಡಿಯಲು ನಾನು ತರಿಸುವುದು ಅದನ್ನೇ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮದ್ಯವನ್ನು 1988ರಲ್ಲಿ, ಅಡಿಕೆಯನ್ನು 2004ರಲ್ಲಿ ಒಂದೇ ಪಟ್ಟಿಗೆ, ಕ್ಯಾನ್ಸರ್‌ಕಾರಕ ಎಂದು ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆದು ಬದುಕುವ ನಾನು ಇದರ ಬಗ್ಗೆ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ಔಷಧಿಯೆಂದು ಮಾತ್ರ ಕುಡಿಯಬೇಡಿ.

ಕೊನೆಯದಾಗಿ ಉಪಯೋಗಕ್ಕೆ ಬರುವ ಒಂದು ವಿಷಯ. ನಾಲ್ವರಿದ್ದರೂ ಎರಡು ಬಾಟಲಿ ಒಂದೇ ರಾತ್ರಿ ಮುಗಿಯಲಿಲ್ಲ. ಎರಡರಲ್ಲೂ ಕಾಲುಭಾಗ ಉಳಿದದ್ದನ್ನು ಬಿರಡೆ ಹಾಕಿ ತಂಪಿನಲ್ಲಿಟ್ಟು ಮರುದಿನ ಸಂಜೆ ರುಚಿ ನೋಡಿದೆವು. 2016 ಒಂದು ಹಗಲು ಗಾಳಿ ಕುಡಿದು ಮೊದಲಿಗಿಂತ ಎಷ್ಟೋ ಮೇಲಾಗಿತ್ತು, ಒಗರು ಸಡಿಲವಾಗಿ ಹಣ್ಣು ಮುಂದೆ ಬಂದಿತ್ತು. ಎಳೆಯ ಬಾಟಲಿಯನ್ನು ತೆರೆಯಲೇಬೇಕಾಗಿ ಬಂದರೆ ಬೆಳಿಗ್ಗೆಯೇ ಹೂಜಿಗೆ ಬಗ್ಗಿಸಿಡಿ. 2005 ಮಾತ್ರ ಸೋತುಹೋಗಿತ್ತು. ದೇವದಾರು ಇಲ್ಲ, ದರಗಿಲ್ಲ, ಹುಳಿಯೊಂದೇ ಎದ್ದು ನಿಂತಿತ್ತು. ಹಳೆಯದನ್ನು ತೆರೆಯುವ ದಿನ ಕುಡಿಯುವ ಜನ ಸಾಕಷ್ಟಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ, ಅಂದೇ ಮುಗಿಸಿ. ನಮ್ಮ ಕಾಲುಭಾಗ ಆಡಿನ ಮಾಂಸದ ಉಳಿದ ರಸಕ್ಕೆ ಬಿತ್ತು, ಅಲ್ಲಿ ಅದು ಚೆನ್ನಾಗಿಯೇ ಇತ್ತು.